ಬಣ್ಣ ಹಚ್ಚದೆ ಬಂದ ಬಣ್ಣ

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಿಂದ ಮಾತಾಡ್ತಿದೀನಿ. ಎಂಟೆಕ್ ಮಾಡಿದ್ದು ನ್ಯಾನೋ ರಚನೆಗಳ ಮೇಲೆ, ಹೊಟ್ಟೆಪಾಡು ಸಾಫ್ಟ್‌ವೇರು. ನಿಮ್ಮಲ್ಲೂ ಅನೇಕರ ಕಥೆ ಇದೇ ಇರಬೇಕು.

ಮೊನ್ನೆ ಲಾಸನ್ಸ್ ಬೇ ಬೀಚಲ್ಲಿ ಮಗಳಿಗೊಂದು ಚಿಪ್ಪು ಸಿಕ್ತು. ಒಳಮೈಯನ್ನು ಹೊರಳಿಸಿದಂತೆಲ್ಲ ಗುಲಾಬಿ, ಹಸಿರು. "ಅಪ್ಪಾ, ಇದಕ್ಕೆ ಪೇಂಟ್ ಹಚ್ಚಿದ್ಯಾರು?" ಅಂದಳು. ಯಾರೂ ಅಲ್ಲ. ಒಳಗಿರೋದು ಕ್ಯಾಲ್ಸಿಯಂ ಕಾರ್ಬೊನೇಟಿನ ಪದರಗಳು, ಒಂದೊಂದೂ ಸುಮಾರು ಅರ್ಧ ಮೈಕ್ರಾನ್ ದಪ್ಪ. ಪದರಪದರದಿಂದ ಮರಳುವ ಬೆಳಕು ಸೇರಿದಾಗ ಕೆಲವು ಬಣ್ಣ ಬಲಗೊಳ್ಳುತ್ತವೆ, ಕೆಲವು ಅಳಿಯುತ್ತವೆ. ಪುಡಿ ಮಾಡಿದರೆ ಬರೀ ಬಿಳಿ.

ಇಂಥ ಚಿಪ್ಪುಗಳ ಬಣ್ಣವನ್ನು 1930ರ ದಶಕದಲ್ಲಿ ಬೆಂಗಳೂರಿನಲ್ಲಿ ಕೂತು ಅಧ್ಯಯನ ಮಾಡಿದವರು ಸಿ.ವಿ. ರಾಮನ್. ಅವರು ಶಾಲೆ ಓದಿದ್ದು ಇದೇ ವಿಶಾಖಪಟ್ಟಣದಲ್ಲಿ, 11ನೇ ವಯಸ್ಸಿಗೇ ಮೆಟ್ರಿಕ್! ನಾವು ಅಲ್ಲಿಂದ ಇಲ್ಲಿಗೆ ಬಂದೆವು; ಅವರು ಮದ್ರಾಸು, ಕಲ್ಕತ್ತ ಸುತ್ತಿ ಇಲ್ಲಿಂದ ಅಲ್ಲಿಗೆ.

ಲೋಹದಲ್ಲಿ ಪದರಗಳೂ ಬೇಕಿಲ್ಲ. ಸುಮಾರು 100 ನ್ಯಾನೋಮೀಟರ್ ಅಗಲದ ಬೆಳ್ಳಿ ಬಿಲ್ಲೆ ಅಂದ್ಕೊಳ್ಳಿ. ಅದರ ಎಲೆಕ್ಟ್ರಾನುಗಳು ಉಯ್ಯಾಲೆ ಇದ್ದ ಹಾಗೆ. ಸರಿಯಾದ ಲಯದಲ್ಲಿ ತಳ್ಳುವ ಬೆಳಕು ಬಂದರೆ ಜೋರಾಗಿ ತೂಗುತ್ತವೆ, ಆ ಬಣ್ಣವನ್ನು ಹೀರುತ್ತವೆ ಇಲ್ಲವೇ ಚದುರಿಸುತ್ತವೆ. ಬಿಲ್ಲೆ ದೊಡ್ಡದಾದಷ್ಟೂ ಲಯ ನಿಧಾನ, ಅಂದರೆ ಕೆಂಪಿನ ಕಡೆಗೆ. ಅಳತೆ ಬದಲಿಸಿ, ಬಣ್ಣ ಬದಲಾಗುತ್ತೆ. 2012ರಲ್ಲಿ ಸಿಂಗಾಪುರದ ಸಂಶೋಧಕರು ಹೀಗೇ 250 ನ್ಯಾನೋಮೀಟರಿಗೊಂದು ಚುಕ್ಕಿಯಿಟ್ಟು ಚಿತ್ರ ಮುದ್ರಿಸಿದರು. ಇಂಚಿಗೆ ಸುಮಾರು 1,00,000 ಚುಕ್ಕಿ! ಅದಕ್ಕಿಂತ ಒತ್ತಾಗಿಟ್ಟರೆ ಮೈಕ್ರೋಸ್ಕೋಪಿಗೂ ಬೇರೆಬೇರೆಯಾಗಿ ಕಾಣಲ್ಲ.

ನನ್ನ ಪ್ರಾಜೆಕ್ಟೂ ಬೆಳ್ಳಿಯದೇ. "ಇಂಕ್ ಮಾಸುತ್ತೆ, ಆಕಾರ ಮಾಸಲ್ಲ" ಅಂತ ವೈವಾದಲ್ಲಿ ಜಂಬದಿಂದ ಹೇಳಿದ್ದೆ. ಚಿಪ್ಪು ನೋಡಿದ ರಾತ್ರಿ ಮಗಳಿಗೆ ತೋರಿಸೋಣ ಅಂತ ಹಳೇ ಸ್ಯಾಂಪಲ್ ಡಬ್ಬಿ ತೆಗೆದೆ. ಹಸಿರಿದ್ದ ಜಾಗದಲ್ಲಿ ಕಂದು ಕಲೆ. ಗಾಳಿಯ ಗಂಧಕ ಬೆಳ್ಳಿಯನ್ನು ಸಲ್ಫೈಡ್ ಮಾಡಿತ್ತು. ದೇವರ ಮನೆಯ ಬೆಳ್ಳಿ ದೀಪ ಕಪ್ಪಾದರೆ ವಿಭೂತಿ ಹಾಕಿ ಉಜ್ಜಬಹುದು. ಇದನ್ನು ಉಜ್ಜಿದರೆ ಬಿಲ್ಲೆಯೇ ಹೋಗುತ್ತೆ.

ಅಲ್ಯೂಮಿನಿಯಂ ಬಳಸಿದ್ದರೆ ಉಳೀತಿತ್ತೋ ಏನೋ. ಅದರ ಮೇಲೆ ತಾನಾಗೇ ಎರಡು-ಮೂರು ನ್ಯಾನೋಮೀಟರ್ ಆಕ್ಸೈಡ್ ಕಟ್ಟಿ ಒಳಗಿನ ಲೋಹ ಕಾಯುತ್ತೆ. ಬಣ್ಣ ಮಾತ್ರ ಸ್ವಲ್ಪ ಮಂಕು. ಗೈಡ್ ಸರ್ ಆಗಲೇ ಹೇಳಿದ್ದರು. ಫೋಟೋ ಚೆನ್ನಾಗಿ ಬರಲಿ ಅಂತ ಬೆಳ್ಳಿಗೇ ಹಟ ಹಿಡಿದವನು ನಾನು.

ಮಗಳು ಚಿಪ್ಪನ್ನೂ ಆ ಡಬ್ಬಿಗೇ ಹಾಕಿಟ್ಟಿದ್ದಾಳೆ. ಸರಿ, ಪ್ರಶ್ನೆ ಇದ್ರೆ ಕೇಳಿ.