ಸ್ವಲ್ಪ ಬೇಜಾರು, ಅಷ್ಟೇ

ಭಾಷಣ ಮಾಡುವುದಕ್ಕಿಂತ ಕೇಳಿಸಿಕೊಳ್ಳುವುದೇ ನನ್ನ ಕಸುಬು. ಹಾಗಾಗಿ ಮೈಕ್ ಹಿಡಿದರೆ ಸ್ವಲ್ಪ ಮುಜುಗರ.

ಮಲಾಡಿನಲ್ಲಿ ನಾನು ಆಪ್ತಸಲಹೆಗಾರ್ತಿ. ನಮ್ಮ ಕನ್ನಡದ, ತುಳುನಾಡಿನ ಹೆಂಗಸರು ಬಂದರೆ ಮೊದಲ ಹತ್ತು ನಿಮಿಷ ಹಿಂದಿಯಲ್ಲೇ ಮಾತು. "ನಿಮ್ಮ ಊರು ಯಾವುದು?" ಎಂದು ಕೇಳಿದ ಮೇಲೆ ಮುಖ ಸಡಿಲವಾಗುತ್ತದೆ. ಆಮೇಲೆ ತಪ್ಪದೆ ಒಂದು ಶಬ್ದ ಬರುತ್ತದೆ: "ಬೇಜಾರು."

ಎಂಥ ಉಪಕಾರಿ ಶಬ್ದ ನೋಡಿ! ಟಿವಿಯಲ್ಲಿ ಏನೂ ಇಲ್ಲದಿದ್ದರೂ ಬೇಜಾರು, ಸೊಸೆ ಮಾತಾಡದಿದ್ದರೂ ಬೇಜಾರು, ತವರಿನಲ್ಲಿ ಸಾವಾದರೂ ಬೇಜಾರು. ದುಃಖ, ಸಿಟ್ಟು, ಅವಮಾನ, ಒಂಟಿತನ, ಆಯಾಸ ಎಲ್ಲವನ್ನೂ ಒಂದೇ ಡಬ್ಬದಲ್ಲಿ ತುಂಬಿ ಮುಚ್ಚಳ ಹಾಕಿದ ಹಾಗೆ. ಇದು ಪಾರ್ಸಿಯಿಂದ ಬಂದ ಶಬ್ದ, ನಮ್ಮ ಮರಾಠಿ ನೆರೆಯವರಲ್ಲೂ ಇದೆ. ಮುಚ್ಚಳ ಬಿಗಿಯಾದಾಗ ಅದು ಬೇರೆ ದಾರಿ ಹಿಡಿಯುತ್ತದೆ. ತಲೆನೋವು, ಗ್ಯಾಸ್, ಎದೆಯುರಿ, ನಿದ್ದೆ ಇಲ್ಲ. ಡಾಕ್ಟರರ ಪರೀಕ್ಷೆಯಲ್ಲಿ ಎಲ್ಲ ನಾರ್ಮಲ್. (ಪರೀಕ್ಷೆ ಮಾತ್ರ ಮೊದಲು ಮಾಡಿಸಲೇಬೇಕು, ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಬೇಡಿ.)

ಅಮೆರಿಕದ ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕೋಪದ, ಹೆದರಿಕೆಯ ಮುಖಗಳ ಚಿತ್ರ ತೋರಿಸಿ, ಆ ಭಾವನೆಗೆ ಹೆಸರು ಕೊಡಿ ಎಂದಾಗ ಮೆದುಳಿನಲ್ಲಿ ಭಯದ ಗಂಟೆ ಬಾರಿಸುವ ಅಮಿಗ್ಡಲಾ ಭಾಗದ ಚಟುವಟಿಕೆ ಕಡಿಮೆಯಾಯಿತು. ಅಂದರೆ ಹೆಸರು ಕೊಡುವುದೂ ಒಂದು ಬಗೆಯ ಆರೈಕೆಯೇ.

ಆದರೆ ಹೆಸರು ಹೇಳಲು ಹೆದರಿಕೆ. ತ್ರಿವೇಣಿಯವರ 'ಶರಪಂಜರ' ನಿಮಗೆ ನೆನಪಿರಬಹುದು. ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು, ಕಲ್ಪನಾ ಕಾವೇರಿಯಾದರು. ಕಾವೇರಿ ಗುಣವಾಗಿಯೇ ಮನೆಗೆ ಬರುತ್ತಾಳೆ. ಗುಣವಾಗಿದ್ದಾಳೆಂದು ನಂಬಲು ಮನೆಯವರು ತಯಾರಿಲ್ಲ. ಇವತ್ತಿಗೂ ನನ್ನಲ್ಲಿಗೆ ಬರುವವರು ಮನೆಯಲ್ಲಿ "ಮಾರ್ಕೆಟ್‌ಗೆ ಹೋಗಿ ಬರುತ್ತೇನೆ" ಎಂದು ಹೇಳಿ ಬರುತ್ತಾರೆ, ವಾಪಸು ಹೋಗುವಾಗ ನಿಜವಾಗಿಯೂ ಕೊತ್ತಂಬರಿ ಸೊಪ್ಪು ಕೊಂಡುಹೋಗುತ್ತಾರೆ. ಹೊರಗೆ ಬರಲಾಗದವರಿಗೆ ಸರಕಾರದ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಯಾವ ಹೊತ್ತಿಗೂ ಮಾಡಬಹುದು.

ಇಷ್ಟೆಲ್ಲ ತಿಳಿದ ನಾನು ಮನೆಯಲ್ಲಿ ಏನು ಮಾಡಿದೆ ಎಂಬುದನ್ನೂ ಹೇಳಬೇಕು.

ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ದಿನಾ ಸಂಜೆ ಫೋನ್ ಮಾಡುತ್ತಿದ್ದೆ. "ಹೇಗಿದ್ದಿ?" ಎಂದರೆ, "ಏನಿಲ್ಲ, ಸ್ವಲ್ಪ ಬೇಜಾರು, ಅಷ್ಟೇ." ನಾನು ಅದನ್ನು ದುಃಖವೆಂದೇ ಓದಿಕೊಂಡೆ. ಭಜನೆಗೆ ಹೋಗು ಎಂದೆ, ಅಪ್ಪನ ಫೋಟೋಗಳ ಆಲ್ಬಮ್ ಮಾಡಿಸಿ ಕೊಟ್ಟೆ. ಆಲ್ಬಮ್ ಕಪಾಟಿನಿಂದ ಹೊರಗೆ ಬರಲೇ ಇಲ್ಲ. ಹೀಗೆ ಎರಡು ವರ್ಷ. ನಮ್ಮ ವೃತ್ತಿಯಲ್ಲಿ ಸ್ವಂತ ಮನೆಯವರಿಗೆ ಚಿಕಿತ್ಸೆ ಕೊಡಬಾರದು ಎನ್ನುತ್ತಾರೆ. ಕೊಡಬಾರದು ಸರಿ, ಕೇಳಬಾರದು ಎಂದು ಯಾರೂ ಹೇಳಿರಲಿಲ್ಲ.

ಒಂದು ಭಾನುವಾರ ಇಬ್ಬರೂ ಕೂತು ಹಲಸಿನ ಬೀಜ ಸುಲಿಯುತ್ತಿದ್ದೆವು. "ಅಮ್ಮಾ, ಬೇಜಾರು ಅಂದರೆ ಯಾವ ಬೇಜಾರು?" ಎಂದೆ. ತುಂಬ ಹೊತ್ತು ಸುಮ್ಮನಿದ್ದು, "ಸಿಟ್ಟು," ಎಂದಳು. "ಸತ್ತವರ ಮೇಲೆ ಸಿಟ್ಟು ಮಾಡಬಾರದಲ್ಲ, ಅದಕ್ಕೆ ಬೇಜಾರು ಅನ್ನುವುದು."

ಕಾರ್ಕಳದ ಕಡೆ ನಮ್ಮದೊಂದು ಹಂಚಿನ ಮನೆಯಿತ್ತು. ಇಲ್ಲಿಯ ಫ್ಲ್ಯಾಟಿನ ಸಾಲ ತೀರಿಸಲು ಅಪ್ಪ ಅದನ್ನು ಮಾರಿದರು. ಅಮ್ಮ ಆ ಮನೆಗೆ ಸೊಸೆಯಾಗಿ ಬಂದವಳು, ಅಂಗಳದ ಹಲಸಿನ ಗಿಡ ಅವಳೇ ನೆಟ್ಟದ್ದು. ಮಾರಾಟದ ಸುದ್ದಿ ಅವಳಿಗೆ ತಿಳಿದದ್ದು ಅಡ್ವಾನ್ಸ್ ತೆಗೆದುಕೊಂಡ ಮೇಲೆ.

"ಅಪ್ಪ ಯಾರನ್ನೂ ಕೇಳುವವರಲ್ಲ ಬಿಡು," ಎಂದೆ, ಸಮಾಧಾನಕ್ಕೆ.

ಅಮ್ಮ ಬೀಜ ಸುಲಿಯುತ್ತಲೇ ಹೇಳಿದಳು, "ನಿನ್ನನ್ನು ಕೇಳಿದ್ದರು."

ಹೌದು, ಕೇಳಿದ್ದರು. ಮಾರಿಬಿಡಿ ಅಂದವಳು ನಾನೇ. ಅಮ್ಮನಿಗೆ ಹೇಳಿದ್ದೀರಾ ಎಂದು ನಾನು ಅಪ್ಪನನ್ನು ಕೇಳಿರಲಿಲ್ಲ.

ಅವತ್ತು ನನಗೆ ಒಂದು ವಾಕ್ಯವೂ ಹೊಳೆಯಲಿಲ್ಲ. ಅಮ್ಮ ಮಾತ್ರ ಮಾತಾಡುತ್ತ ಹೋದಳು. ಬಾವಿ ಯಾವ ಕಡೆ, ಗಿಡ ಯಾವ ವರ್ಷ ಕಾಯಿ ಬಿಟ್ಟಿತು, ಅಪ್ಪ ಎಂಥ ಹಟಮಾರಿ, ಎಲ್ಲ. ಕುಕ್ಕರ್ ನಾಲ್ಕು ಸೀಟಿ ಹಾಕಿದರೂ ಇಬ್ಬರೂ ಏಳಲಿಲ್ಲ.