ಪಾಯದ ದುಡ್ಡು
(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಮನೆ ಕಟ್ಟಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಬಡವರ ಸೂರಿಗಾಗಿ ನಮ್ಮ ರಾಜ್ಯದಲ್ಲಿ 1991-92ರಲ್ಲಿ ಆಶ್ರಯ ಯೋಜನೆ ಬಂತು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಆಯಿತು, ಆಮೇಲೆ ಬಸವ ವಸತಿ ಯೋಜನೆ ಬಂತು. ಆದರೆ ಸಹಾಯಧನ ಒಟ್ಟಿಗೆ ಕೈಗೆ ಬರೋದಿಲ್ಲ. ತಳಪಾಯ, ಲಿಂಟಲ್, ಛಾವಣಿ ಅಂತ ಹಂತ ಮುಗಿದ ಹಾಗೆ, ಫೋಟೋ ನೋಡಿ ಖಾತೆಗೆ ಜಮಾ ಆಗುತ್ತದೆ. ಪಾಯ ಮಾತ್ರ ಬಡವರೇ ಹಾಕಬೇಕು.

ನಮ್ಮೂರಿನ ಕೂಲಿ ಮಾಡುವ ತಾಯಿಯೊಬ್ಬರು ಪಾಯಕ್ಕೆ ಸಾಲ ಕೇಳಿ ಸಂಘಕ್ಕೆ ಬಂದಿದ್ದರು. ಪಹಣಿ ಇಲ್ಲ, ಷೇರು ಇಲ್ಲ ಅಂತ ನಾವೇ ವಾಪಸು ಕಳಿಸಿದೆವು. ಆಕೆ ಬಡ್ಡಿಗೆ ಕೈಸಾಲ ಮಾಡಿದರು. ಮೊದಲ ಕಂತು ಅದನ್ನು ತೀರಿಸುವುದಕ್ಕೇ ಸರಿಹೋಯಿತು. ಪಾಯದ ಮೇಲೆ ಎರಡು ಮಳೆಗಾಲ ಹುಲ್ಲು ಬೆಳೆಯಿತು. ನಿಯಮದಲ್ಲಿ ನಮ್ಮ ತಪ್ಪಿಲ್ಲ. ಆದರೂ ಆ ದಾರಿಯಲ್ಲಿ ಹೋಗುವಾಗ ನಾವು ತಲೆ ತಗ್ಗಿಸುತ್ತಿದ್ದೆವು.

ಇಪ್ಪತ್ತೈದು ವರ್ಷ ಹೊಲ ಇದ್ದವರಿಗೆ ಸಾಲ ಕೊಟ್ಟೆವು. ಇನ್ನು ಮುಂದೆ ಮನೆ ಮಂಜೂರಾದ ಬಡವರನ್ನೂ ಸದಸ್ಯರಾಗಿ ಸೇರಿಸಿಕೊಂಡು, ಸ್ವಸಹಾಯ ಗುಂಪಿನ ಜಾಮೀನಿನ ಮೇಲೆ ಪಾಯಕ್ಕಷ್ಟು ಸಾಲ ಕೊಡೋಣ, ಕಂತು ಬಂದಾಗ ವಸೂಲು ಮಾಡೋಣ. ಬೈಲಾ ತಿದ್ದಬೇಕಾದರೆ ಮಹಾಸಭೆಯಲ್ಲಿ ಕೈ ಎತ್ತಿರಿ. ಫಲಾನುಭವಿಗಳನ್ನು ಆರಿಸುವ ಗ್ರಾಮಸಭೆಗೂ ತಪ್ಪದೆ ಬನ್ನಿರಿ.