ಗೋಡೆಯನ್ನು ಉಳಿಸಿದ ಕಾಗದ
(ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡು ಎಂದು ಮೇಷ್ಟ್ರು ಹೇಳಿದ್ದರು. ಕ್ಷಮಿಸಬೇಕು, ನಾನು ಒಂದು ಕೋಟೆಯ ಕಥೆ ಹೇಳುತ್ತೇನೆ. ಕೆಲಸದ ಮೇಲೆ ಪೋಲೆಂಡಿಗೆ ಹೋಗಿದ್ದಾಗ ನೋಡಿ ಬಂದದ್ದು. ಹೆಸರು ಮಾಲ್ಬೋರ್ಕ್.

ಸಮಾಜ ವಿಜ್ಞಾನದಲ್ಲಿ ನಾವು ಓದಿದ ಕ್ರುಸೇಡ್ ಧರ್ಮಯುದ್ಧಗಳ ಕಾಲ. 1190ರ ಸುಮಾರಿಗೆ ಪ್ಯಾಲೆಸ್ಟೈನಿನ ಆಕ್ರೆ ಪಟ್ಟಣದ ಬಳಿ ಗಾಯಾಳುಗಳಿಗಾಗಿ ಜರ್ಮನ್ನರು ಒಂದು ಆಸ್ಪತ್ರೆ ತೆರೆದರು. ಕೆಲವೇ ವರ್ಷಗಳಲ್ಲಿ ಆ ಸೇವಾಸಂಘ ಕತ್ತಿ ಹಿಡಿದ ಸಂನ್ಯಾಸಿಗಳ ಪಡೆಯಾಯಿತು. ಅದೇ ಟ್ಯೂಟಾನಿಕ್ ಪಂಥ. 13ನೇ ಶತಮಾನದಲ್ಲಿ ಅವರು ಬಾಲ್ಟಿಕ್ ತೀರದ ಪ್ರಷ್ಯನ್ನರ ನಾಡನ್ನು ಗೆದ್ದರು. ಆ ಮೂಲನಿವಾಸಿಗಳ ಭಾಷೆ 18ನೇ ಶತಮಾನದ ಹೊತ್ತಿಗೆ ಆಡುವವರಿಲ್ಲದೆ ನಂದಿಹೋಯಿತು. ಕೋಟೆಯ ಅಂದ ನೋಡುವಾಗ ಇದನ್ನು ಮರೆಯಬಾರದು.

ಆ ಗೆದ್ದ ನಾಡಿನಲ್ಲಿ, ನೋಗಾತ್ ನದಿಯ ದಂಡೆಯ ಮೇಲೆ, ಅವರು ಇಟ್ಟಿಗೆಯಿಂದ ಕಟ್ಟಿದ ಕೋಟೆಯೇ ಮಾಲ್ಬೋರ್ಕ್. 1309ರಲ್ಲಿ ಪಂಥದ ಮುಖ್ಯಸ್ಥ ವೆನಿಸ್ ಬಿಟ್ಟು ಇಲ್ಲಿಗೆ ಬಂದ ಮೇಲೆ ಕೋಟೆ ಬೆಳೆಯುತ್ತಲೇ ಹೋಯಿತು. ಚಳಿಗಾಲಕ್ಕೆ ನೆಲದಡಿಯ ಒಲೆಯಲ್ಲಿ ಕಲ್ಲು ಕಾಯಿಸಿ, ಬಿಸಿಗಾಳಿಯನ್ನು ನೆಲದ ತೂತುಗಳಿಂದ ಕೋಣೆಗೆ ಬಿಡುತ್ತಿದ್ದರು.

1410ರಲ್ಲಿ ಗ್ರುನ್‌ವಾಲ್ಡ್ ಕದನದಲ್ಲಿ ಪೋಲೆಂಡ್ ಮತ್ತು ಲಿಥುವೇನಿಯಾ ಒಂದಾಗಿ ಈ ಪಂಥವನ್ನು ಸೋಲಿಸಿದವು. ಮುಖ್ಯಸ್ಥನೇ ಸತ್ತ. ಆದರೂ ಸುಮಾರು ಎರಡು ತಿಂಗಳು ಮುತ್ತಿಗೆ ಹಾಕಿದ ಸೈನ್ಯಕ್ಕೆ ಕೋಟೆ ದಕ್ಕಲಿಲ್ಲ. ಅಂಥ ಕೋಟೆ 1457ರಲ್ಲಿ ಕೈಬಿಟ್ಟದ್ದು ಹೇಗೆ ಗೊತ್ತೇ? ಪಂಥ ತನ್ನ ಬಾಡಿಗೆ ಸೈನಿಕರಿಗೆ ಸಂಬಳ ಕೊಡಲಾಗದೆ ಕೋಟೆಯನ್ನು ಅಡವಿಟ್ಟಿತ್ತು. ಅವರು ಅದನ್ನು ಪೋಲೆಂಡಿನ ರಾಜನಿಗೆ ಮಾರಿಬಿಟ್ಟರು. ಕಾಯುವವರನ್ನು ಕಡೆಗಣಿಸಿದರೆ ಎಷ್ಟು ದಪ್ಪ ಗೋಡೆಯೂ ನಿಲ್ಲದು.

1772ರ ನಂತರ ಪ್ರಷ್ಯಾ ರಾಜ್ಯದ ಕೈಗೆ ಹೋಗಿ ಕೋಟೆ ಸೈನಿಕರ ವಸತಿಯಾಯಿತು, ಉಗ್ರಾಣವಾಯಿತು, ಹಾಳಾಯಿತು. 1882ರಿಂದ ಕಾನ್ರಾಡ್ ಸ್ಟೈನ್‌ಬ್ರೆಕ್ಟ್ ಎಂಬ ವಾಸ್ತುಶಿಲ್ಪಿ ನಲವತ್ತು ವರ್ಷ ಅದರ ಜೀರ್ಣೋದ್ಧಾರಕ್ಕೆ ದುಡಿದರು. ಆ ಕಾಲದವರು ದುರಸ್ತಿ ಮಾಡಿದ್ದಷ್ಟೇ ಅಲ್ಲ, ಮಾಡಿದ್ದನ್ನೆಲ್ಲ ವಿವರವಾಗಿ ದಾಖಲಿಸಿಟ್ಟರು.

1945ರ ಯುದ್ಧದಲ್ಲಿ ಕೋಟೆಯ ಅರ್ಧಕ್ಕಿಂತ ಹೆಚ್ಚು ಭಾಗ ಕುಸಿಯಿತು. ಆಗ ಪೋಲೆಂಡಿನವರು ಆ ಹಳೆಯ ದಾಖಲೆಗಳನ್ನೇ ಮುಂದಿಟ್ಟುಕೊಂಡು ಮತ್ತೆ ಕಟ್ಟಿದರು. ಹೊರಗೋಡೆಯಲ್ಲಿದ್ದ ಎಂಟು ಮೀಟರ್ ಎತ್ತರದ ಮೇರಿ ಮಾತೆಯ ವಿಗ್ರಹ 2016ರಲ್ಲಿ ಮರಳಿ ರೂಪುಗೊಂಡಿತು. 1997ರಿಂದ ಈ ಕೋಟೆ ಯುನೆಸ್ಕೋದ ವಿಶ್ವ ಪರಂಪರೆಯ ತಾಣ.

ಈ ಕಥೆ ಇಲ್ಲಿ ಏಕೆ ಎಂದರೆ, ನಮ್ಮ ಶಾಲೆಗೂ ಐವತ್ತು ವರ್ಷ. ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ವಾರ್ಷಿಕೋತ್ಸವದ ಫೋಟೋಗಳೇ ನಮ್ಮ ನಕ್ಷೆಗಳು. ಗೆದ್ದಲಿಗೆ ಅವುಗಳ ಬೆಲೆ ಗೊತ್ತಿಲ್ಲ, ನಮಗೆ ಗೊತ್ತಿರಬೇಕು. ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಗ್ರೂಪ್ ಫೋಟೋ ಇದ್ದರೆ ದಯವಿಟ್ಟು ತನ್ನಿ. ಹಿಂಬದಿಯಲ್ಲಿ ವರ್ಷವನ್ನೂ ನೆನಪಿರುವಷ್ಟು ಹೆಸರನ್ನೂ ಬರೆಯಿರಿ. ಸ್ಕ್ಯಾನ್ ಮಾಡಿ, ಮೂಲವನ್ನು ನಿಮಗೇ ಹಿಂದಿರುಗಿಸುವ ಕೆಲಸ ನನ್ನದು. ಮೇಷ್ಟ್ರೇ, ಕಂಪ್ಯೂಟರ್ ಬಗ್ಗೆ ನಾನು ಹೇಳಬೇಕಾಗಿದ್ದೂ ಇಷ್ಟೇ.